ಅಚ್ಚಲ್ಲಿ ಹುಟ್ಟಿದ ಬೆಂಗಳೂರು ಕಾರು

ಕರ್ನಾಟಕದ ಕಾರು ಯಾವುದು ಅಂತ ಆಫೀಸಲ್ಲಿ ಕೇಳಿ, ಬಿಡದಿಯ ಟೊಯೋಟಾ ಹೆಸರು ಬರುತ್ತೆ. ಅದು ಜಪಾನಿನ ಕಾರು, ಇಲ್ಲಿ ತಯಾರಾಗುತ್ತೆ ಅಷ್ಟೆ. ಅದಕ್ಕೂ ಮುಂಚೆ ಬೆಂಗಳೂರಿಗೆ ತನ್ನದೇ ಒಂದು ಪುಟ್ಟ ಕಾರು ಕಂಪನಿ ಇತ್ತು. 1970ರ ದಶಕದಲ್ಲಿ ಸನ್‌ರೈಸ್ ಆಟೋ ಇಂಡಸ್ಟ್ರೀಸ್ ಅಂತ ಶುರುವಾಗಿ, ಮುಂದೆ ಸಿಪಾನಿ ಆಟೋಮೊಬೈಲ್ಸ್ ಆಯ್ತು.

ಅದರ ಮೊದಲ ಗಾಡಿ ಬಾದಲ್. ಮುಂದೊಂದು, ಹಿಂದೆರಡು ಚಕ್ರ, ಹಿಂಬದಿಯಲ್ಲಿ 198 ಸಿಸಿಯ ಪುಟ್ಟ ಎಂಜಿನ್, ಮೈಯೆಲ್ಲಾ ಫೈಬರ್‌ಗ್ಲಾಸ್. 1982ರ ಹೊತ್ತಿಗೆ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ವಿನ್ಯಾಸ, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು. ತುಂಬಾ ಹಗುರ. ಅಂಬಾಸಿಡರ್, ಪದ್ಮಿನಿ ಓಡ್ತಿದ್ದ ಕಾಲದಲ್ಲಿ ರ‍್ಯಾಲಿ ಹುಚ್ಚಿನವರು ಇದನ್ನ ಇಷ್ಟಪಟ್ಟಿದ್ದು ಅದಕ್ಕೇ.

ಫೈಬರ್ ಯಾಕೆ? ಕಥೆಯ ಗುಟ್ಟೆಲ್ಲಾ ಅಲ್ಲೇ ಇದೆ. ಉಕ್ಕಿನ ಬಾಡಿ ಮಾಡೋಕೆ ದೈತ್ಯ ಪ್ರೆಸ್‌ಗಳು, ದುಬಾರಿ ಡೈಗಳು ಬೇಕು. ಫೈಬರ್‌ಗೆ ಒಂದು ಅಚ್ಚು ಸಾಕು. ಅದರಲ್ಲಿ ಗಾಜಿನೆಳೆಯ ಮ್ಯಾಟ್ ಹಾಸಿ, ರೆಸಿನ್ ಬಳಿದು, ಗಟ್ಟಿಯಾಗೋಕೆ ಬಿಡಬೇಕು. ದೊಡ್ಡ ಬಂಡವಾಳ ಇಲ್ಲದವರೂ ಕಾರು ಮಾಡಬಹುದು. ಆದ್ರೆ ಸಾವಿರನೇ ಬಾಡಿಗೂ ಮೊದಲನೆಯದಕ್ಕೆ ಹಿಡಿದಷ್ಟೇ ಕೈಕೆಲಸ, ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಉಕ್ಕಿನದು ಉಲ್ಟಾ: ಶುರುವಿಗೆ ಕೋಟಿಗಟ್ಟಲೆ ಖರ್ಚು, ಆಮೇಲೆ ಸಂಖ್ಯೆ ಏರಿದಷ್ಟೂ ಒಂದೊಂದು ಕಾರೂ ಅಗ್ಗ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸಿಪಾನಿಯ ದಾರಿ ಲಾಂಚ್ ಮಾಡೋಕೆ ಸುಲಭ, ಸ್ಕೇಲ್ ಆಗೋಕೆ ಕಷ್ಟ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಹಿಂದೆ ಕೇಂದ್ರ ಸರ್ಕಾರ, ಜೊತೆಗೆ ಸುಜುಕಿ, ಗುರುಗ್ರಾಮದಲ್ಲಿ ದೊಡ್ಡ ಕಾರ್ಖಾನೆ. ಆ ಸಂಖ್ಯೆಯ ಎದುರು ಕೈಯಲ್ಲಿ ಮ್ಯಾಟ್ ಹಾಸೋರು ಎಷ್ಟು ದಿನ ನಿಂತಾರು? ಸಿಪಾನಿ ಸುಮ್ಮನೆ ಕೂರಲಿಲ್ಲ. ಸಂಸಾರಸ್ಥರಿಗೆ ಅಂತ ಬಾಗಿಲು ಹೆಚ್ಚಿಸಿ ಮೊಂಟಾನಾ ತಂತು, ಡೀಸೆಲ್ ಎಂಜಿನ್ ಕೂರಿಸಿತು, 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೋ ಜೋಡಿಸಿ ಮಾರಿತು. ಆ ದಶಕ ಮುಗಿಯೋ ಹೊತ್ತಿಗೆ ಅದರ ಕಾರುಗಳ ಕಾಲವೂ ಮುಗಿದಿತ್ತು.

ಆದ್ರೆ ಆ ಯೋಚನೆ ಬೆಂಗಳೂರಲ್ಲೇ ಮತ್ತೆ ಚಿಗುರಿತು. 2001ರಲ್ಲಿ ಚೇತನ್ ಮೈನಿ ಅವರ ರೇವಾ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದಾಗ ಅದರ ಮೈಗೂ ಉಕ್ಕಿನ ತಗಡು ಇರಲಿಲ್ಲ. ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ. ದೊಡ್ಡ ಪ್ರೆಸ್ ಇಲ್ಲದೆ ಕಾರು ಮಾಡೋ ಅದೇ ಹಾದಿ. ಲಂಡನ್ನಿನಲ್ಲಿ ಜಿ-ವಿಝ್ ಅನ್ನೋ ಹೆಸರಲ್ಲಿ ಅದು ಓಡಾಡಿತು. 2010ರಲ್ಲಿ ಕಂಪನಿಯ ಬಹುಪಾಲು ಮಹೀಂದ್ರಾ ಕೈಗೆ ಹೋಯ್ತು.

ನಮ್ಮೂರು ವಕ್ಕಲೇರಿಗೆ ಹತ್ತಿರದ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಇದೆ. ಸುತ್ತಲಿನ ಹುಡುಗರಿಗೆ ವಾಹನ ಉದ್ಯಮ ಅಂದ್ರೆ ಈಗ ಶಿಫ್ಟ್, ಬಸ್ಸು, ಸಂಬಳ. ಅದು ಸಣ್ಣದೇನಲ್ಲ, ಆ ಸಂಬಳದಲ್ಲಿ ಮನೆಗಳು ನಡೀತಿವೆ. ಆದ್ರೆ ಆ ಗಾಡಿ ಹೇಗಿರಬೇಕು, ಎಂಜಿನ್ ಎಲ್ಲಿ ಕೂರಬೇಕು ಅಂತ ತೀರ್ಮಾನಿಸೋರು ಬೇರೆಲ್ಲೋ ಇದ್ದಾರೆ. ಸಿಪಾನಿಯಲ್ಲೂ ಡಾಲ್ಫಿನ್‌ನ ಮೂಲ ಇಂಗ್ಲೆಂಡಿನದೇ, ನಿಜ. ಆದ್ರೆ ಬಾಗಿಲು ಎರಡು ಸಾಲದು, ನಾಲ್ಕು ಬೇಕು ಅನ್ನೋ ನಿರ್ಧಾರ ಬೆಂಗಳೂರಲ್ಲೇ ಆಯ್ತು. ಹಳೇ ಡಾಲ್ಫಿನ್ ಎಲ್ಲಾದ್ರೂ ಕಂಡ್ರೆ ಒಮ್ಮೆ ಅದರ ಬಾನೆಟ್ ತಟ್ಟಿ ನೋಡಿ. ತಗಡಿನ ಸದ್ದು ಬರಲ್ಲ.