‘ಮೊಸರಿನ ಮಂಗಮ್ಮ’ ಮತ್ತು ‘ಅಮಾಸ’

ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986) ಮತ್ತು ದೇವನೂರ ಮಹಾದೇವ (ಜನನ 1948) ಕ್ರಮವಾಗಿ ಬರೆದ ಎರಡು ಪ್ರಸಿದ್ಧ ಕನ್ನಡ ಸಣ್ಣಕಥೆಗಳು.

ಮಾಸ್ತಿಯವರ ಕಥೆಯನ್ನು ಹೇಳುವವಳು ಮಂಗಮ್ಮನಿಂದ ಮೊಸರು ಕೊಳ್ಳುವ ಗೃಹಿಣಿ. ಸೊಸೆ ನಂಜಮ್ಮ ಮೊಮ್ಮಗನನ್ನು ಹೊಡೆದದ್ದಕ್ಕೆ ಅವಳೊಡನೆ ಜಗಳ, ಬೇರೆ ಒಲೆ, ರಂಗಪ್ಪನೆಂಬ ಗಂಡಸಿನ ಸಲಿಗೆ, ಮತ್ತೆ ಕೂಡುವುದು, ಎಲ್ಲವೂ ಬಾಗಿಲಲ್ಲಿ ನಡೆಯುವ ಮಾತಿನಲ್ಲೇ ತೆರೆದುಕೊಳ್ಳುತ್ತವೆ. ಕೇಳುವವಳೂ ಹೆಣ್ಣಾದ್ದರಿಂದ ಮಂಗಮ್ಮನ ಒಂಟಿತನ ತೀರ್ಪಿಗೆ ಗುರಿಯಾಗುವುದಿಲ್ಲ. ಕಥೆಯ ದೊಡ್ಡ ಶಕ್ತಿ ಇದೇ.

‘ದ್ಯಾವನೂರು’ (1973) ಸಂಕಲನದ ‘ಅಮಾಸ’ದಲ್ಲಿ ಅಂಥ ಮಧ್ಯವರ್ತಿಯಿಲ್ಲ. ನಂಜನಗೂಡು ಸೀಮೆಯ ಆಡುಮಾತೇ ನಿರೂಪಣೆಗೂ ಹರಿದುಬರುತ್ತದೆ. ಅನಾಥ ಹುಡುಗ ಅಮಾಸನಿಗೆ ಮಾರಿಗುಡಿ ಮನೆ, ಮುದುಕ ಕುರಿಯಯ್ಯ ಬಳಗ.

ಮಂಗಮ್ಮನ ಕಥೆಯಲ್ಲಿ ರಕ್ತಸಂಬಂಧ ಮುರಿದು ಕೂಡಿದರೆ, ಇಲ್ಲಿ ರಕ್ತಸಂಬಂಧವಿಲ್ಲದೆಯೇ ಅಕ್ಕರೆ ಬೆಳೆಯುತ್ತದೆ. ಮಾರಿಹಬ್ಬದ ಹುಲಿವೇಷದಲ್ಲಿ ಅಮಾಸ ಇಡೀ ಊರಿನ ಕಣ್ಣಿಗೆ ಬೀಳುತ್ತಾನೆ.