ಅಂಗಡಿಗೆ ಬಾರದ ಸಿಹಿ: ಗಿಣ್ಣಿನ ಚರಿತ್ರೆ

ಧಾರವಾಡದ ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಬೆಳಗಾವಿಯ ಕುಂದಕ್ಕೆ ನಾಡೆಲ್ಲ ಹೆಸರಿದೆ. ಗಿಣ್ಣಿಗೆ ಮಾತ್ರ ಅಂಗಡಿಯೂ ಇಲ್ಲ, ಹೆಸರಾಂತ ಬಾಣಸಿಗನೂ ಇಲ್ಲ. ಆದರೂ ಬಸವಾಪಟ್ಟಣದ ಕಡೆಯ ದನ ಕಟ್ಟಿದ ಮನೆಗಳಿಗೆ ಅದರ ಪರಿಚಯ ಹೇಳಬೇಕಾಗಿಲ್ಲ.

ಗಿಣ್ಣು ಬಹು ಹಳೆಯದು. ಅಮರಕೋಶದಲ್ಲಿ 'ಪೀಯೂಷ' ಎಂಬ ಶಬ್ದಕ್ಕೆ ಅಮೃತವೆಂದೂ ಅರ್ಥ, ಹೊಸದಾಗಿ ಈದ ಹಸುವಿನ ಹಾಲೆಂದೂ ಅರ್ಥ. ತೆಲುಗರು ಇದನ್ನು ಜುನ್ನು ಎನ್ನುತ್ತಾರೆ, ಮರಾಠಿಗರು ಖರ್ವಸ ಎನ್ನುತ್ತಾರೆ.

ಪೇಡೆಗೆ ಹಾಲನ್ನು ಗಂಟೆಗಟ್ಟಲೆ ಬತ್ತಿಸಬೇಕು. ಗಿಣ್ಣದ ಹಾಲಿಗೆ ಆ ಶ್ರಮವಿಲ್ಲ. ಮೊದಲ ದಿನದ ಹಾಲು ಹಳದಿಯಾಗಿ, ಅಂಟಂಟಾಗಿ ಇರುತ್ತದೆ. ಅದರಲ್ಲಿ ಪ್ರೋಟೀನು ಹೆಚ್ಚಿರುವುದರಿಂದ ಬಿಸಿ ತಾಗಿದೊಡನೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. ಅದಕ್ಕೇ ಮಾಮೂಲಿ ಹಾಲು ಬೆರೆಸಿ, ಬೆಲ್ಲ ಕರಗಿಸಿ, ಏಲಕ್ಕಿ ಪುಡಿ ಹಾಕಿ, ಹಬೆಯಲ್ಲಿ ಬೇಯಿಸುವುದು. ಆರಿದ ಮೇಲೆ ಕತ್ತರಿಸಿದರೆ ಬಿಲ್ಲೆ ಬಿಲ್ಲೆಯಾಗಿ ಬರುತ್ತದೆ. ದಿನ ಕಳೆದಂತೆ ಹಾಲು ತೆಳುವಾಗಿ, ಗಿಣ್ಣು ಕಟ್ಟುವುದು ನಿಲ್ಲುತ್ತದೆ.

ಆದರೆ ಈ ಹಾಲಿನ ಮೊದಲ ಹಕ್ಕುದಾರ ಕರು. ರೋಗನಿರೋಧಕ ಶಕ್ತಿ ತಾಯಿಯ ಗರ್ಭದಲ್ಲಿ ಕರುವಿಗೆ ಸಿಗುವುದಿಲ್ಲ, ಈ ಹಾಲಿನಿಂದಲೇ ಸಿಗಬೇಕು. ಅದೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ. ಕರುವಿನ ಹೊಟ್ಟೆ ತುಂಬಿ ಮಿಕ್ಕಿದ್ದು ಮನೆಯವರಿಗೆ ಎಂಬ ಹಿರಿಯರ ಕಟ್ಟಳೆಯನ್ನು ಪಶುವೈದ್ಯರೂ ಒಪ್ಪುತ್ತಾರೆ.

ಹಳೆಯ ಮೈಸೂರು ಸೀಮೆಯಲ್ಲಿ ಹಾಗೆ ಮಿಗುತ್ತಿದ್ದುದು ಕಡಿಮೆಯೇ. ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು ಸುಲ್ತಾನ್ 'ಅಮೃತ ಮಹಲ್' ಎಂದು ಕರೆದ. ಹೆಸರೇನೋ ಅಮೃತ, ಆದರೆ ಆ ತಳಿ ಪ್ರಸಿದ್ಧವಾದದ್ದು ಸೈನ್ಯದ ಸಾಮಾನು ಎಳೆದ ಎತ್ತುಗಳಿಂದ. ಹಸುಗಳು ಕೊಡುತ್ತಿದ್ದ ಹಾಲು ಸ್ವಲ್ಪ. ಆ ಸ್ವಲ್ಪದಲ್ಲೇ ಮಾಡಿದ ಗಿಣ್ಣು ಮಾರನೆಯ ದಿನಕ್ಕೆ ನಿಲ್ಲದು, ಆದ್ದರಿಂದ ನೆರೆಮನೆಗೂ ಒಂದು ಬಟ್ಟಲು ಹೋಗುತ್ತಿತ್ತು. ಮಾರುವ ಮಾತೇ ಇರಲಿಲ್ಲ. ಕೊಟ್ಟ ಬಟ್ಟಲನ್ನು ಬರಿದಾಗಿ ಹಿಂದಿರುಗಿಸದೆ ಒಂದಿಷ್ಟು ಸಕ್ಕರೆಯನ್ನೋ ಬೆಲ್ಲವನ್ನೋ ಹಾಕಿ ಕಳಿಸುವುದು ರೂಢಿ.

ಮಿಶ್ರತಳಿ ಹಸು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಒಂದೊಂದು ಹಸು ಕೊಡುವ ಗಿಣ್ಣದ ಹಾಲು ಹೆಚ್ಚಿತು. ಕಾಯಿಸಿದರೆ ಒಡೆಯುವ ಆ ಹಾಲನ್ನು ಡೇರಿಯವರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅದು ಮನೆಯಲ್ಲೇ ಉಳಿಯಿತು. ಆದರೆ ಹಸು ಕಟ್ಟುವ ಮನೆಗಳೇ ಕಡಿಮೆಯಾದವು. ಉಳುಮೆಗೆ ಟ್ರ್ಯಾಕ್ಟರ್ ಬಂತು. ಚನ್ನಗಿರಿ ಸೀಮೆಯ ಗದ್ದೆಗಳು ಅಡಿಕೆ ತೋಟಗಳಾದವು. ಭತ್ತದ ಜೊತೆ ಹುಲ್ಲು ಬರುತ್ತಿತ್ತು, ಅಡಿಕೆಯಿಂದ ಬಣವೆ ಏಳುವುದಿಲ್ಲ.

2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಿಂದ ಶಾಲೆಯ ಮಕ್ಕಳಿಗೆ ಹಾಲು ದೊರೆಯಿತು. ಹಾಲಿನ ಪುಡಿ ಕದಡಿ ಕಾಯಿಸಿದ ಹಾಲು ಅದು. ಒಳ್ಳೆಯ ಕಾರ್ಯಕ್ರಮವೇ. ಆದರೆ ಆ ಲೋಟ ಹಿಡಿದ ಮಕ್ಕಳಲ್ಲಿ ಆಗ ತಾನೇ ಹುಟ್ಟಿದ ಕರುವನ್ನು ಕಂಡವರೆಷ್ಟೋ! ಪಟ್ಟಣಗಳಲ್ಲಿ ಚೈನಾ ಗ್ರಾಸ್ ಹಾಕಿ ಹಾಲು ಗಟ್ಟಿ ಮಾಡಿ ಅದನ್ನೂ ಗಿಣ್ಣು ಎನ್ನುತ್ತಾರೆ. ತಿನ್ನಲು ಅಡ್ಡಿಯಿಲ್ಲ, ಹೆಸರು ಮಾತ್ರ ಒಪ್ಪುವುದಿಲ್ಲ. ನಿಜವಾದದ್ದು ಬೇಕೆಂದರೆ ಇಂದಿಗೂ ಹಸು ಕಟ್ಟಿದವರ ಮನೆ ಬಾಗಿಲಲ್ಲೇ ನಿಂತು ಕೇಳಬೇಕು: "ನಿಮ್ಮ ಹಸು ಯಾವಾಗ ಈಯುತ್ತೆ ಅಕ್ಕ?"