ಘಟ್ಟದ ಮೇಲಿನ ಸೀಮೆ: ಹೊಸೂರು–ಕೃಷ್ಣಗಿರಿ ಭಾಗದಲ್ಲಿ ಸರ್ಕಾರದ ದೂರ

ಹೊಸೂರಿನ ಮಾತು ಬಂದಾಗೆಲ್ಲ ನಾವು 1956ರ ಗಡಿಯಿಂದ ಆರಂಭಿಸ್ತೀವಿ. ಆ ವರ್ಷ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು, ಸೇಲಂ ಜಿಲ್ಲೆಯ ಹೊಸೂರು ತಾಲ್ಲೂಕು ಮದ್ರಾಸಿನಲ್ಲೇ ಉಳಿಯಿತು. ಈ ಹೋಲಿಕೆ ನಮಗೆಲ್ಲ ಗೊತ್ತು. ನನ್ನ ಪ್ರಶ್ನೆ ಬೇರೆ. ಅಲ್ಲಿ ಉಳಿದ ಕನ್ನಡ, ತೆಲುಗು ಮಾತಿನ ಹಳ್ಳಿಯವರಿಗೆ ಸರ್ಕಾರ ಎಷ್ಟು ದೂರದಲ್ಲಿತ್ತು, ಈಗ ಎಷ್ಟು ದೂರದಲ್ಲಿದೆ?

ಮೊದಲು ನೆಲವನ್ನು ನೋಡೋಣ. ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿ.ಮೀ. ದಾರಿಯಲ್ಲಿ ಘಟ್ಟ ಇಳಿದ ಅನುಭವ ಆಗೋದೇ ಇಲ್ಲ. ಹೊಸೂರು, ತಳಿ, ಡೆಂಕಣಿಕೋಟೆಗಳು ಮೈಸೂರು ಪ್ರಸ್ಥಭೂಮಿಯ ಮುಂದುವರಿಕೆ. ಶೂಲಗಿರಿ ದಾಟಿದ ಮೇಲೆ ನೆಲ ಇಳಿಯುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯೂ ಕೆಲವರಪಳ್ಳಿ ಜಲಾಶಯ ತುಂಬಿಸಿ, ಇದೇ ಇಳಿಜಾರಿನಲ್ಲಿ ಕೃಷ್ಣಗಿರಿ ಅಣೆಕಟ್ಟಿಗೆ ಹೋಗುತ್ತದೆ.

ಈ ಮೇಲು–ಕೆಳಗು ಕಡತಕ್ಕೂ ಬಂತು. ಹಳೆಯ ಸೇಲಂ ಜಿಲ್ಲೆಯನ್ನು ತಾಳಘಾಟ್, ಬಾರಾಮಹಲ್, ಬಾಲಾಘಾಟ್ ಅಂತ ಮೂರು ಭಾಗ ಮಾಡಿ ಬರೆಯುತ್ತಿದ್ದರು. ಕೃಷ್ಣಗಿರಿ ಸೇರಿದ ಬಾರಾಮಹಲ್ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪುವಿನ ಕೈಬಿಟ್ಟು ಕಂಪನಿಗೆ ಸೇರಿತು. ಹೊಸೂರಿನ ಬಾಲಾಘಾಟ್ ಸೇರಿದ್ದು 1799ರಲ್ಲಿ, ಟಿಪ್ಪು ಮಡಿದ ಮೇಲೆ. ನಡುವಿನ ಏಳು ವರ್ಷದಲ್ಲಿ ಅಲೆಕ್ಸಾಂಡರ್ ರೀಡ್, ಅವನ ಸಹಾಯಕ ಥಾಮಸ್ ಮನ್ರೋ ಬಾರಾಮಹಲ್‌ನಲ್ಲಿ ಹೊಲ ಅಳೆಸಿ, ರೈತನಿಂದಲೇ ನೇರವಾಗಿ ಕಂದಾಯ ತೆಗೆದುಕೊಳ್ಳುವ ಪದ್ಧತಿಯನ್ನು ರೂಪಿಸುತ್ತಿದ್ದರು. ಅದೇ ಮುಂದೆ ರೈತವಾರಿ ಅನ್ನಿಸಿಕೊಂಡಿತು. ಘಟ್ಟದ ಮೇಲಾದರೋ ಬಾಗಲೂರು, ಬೇರಿಕೆ, ಶೂಲಗಿರಿಯ ಪಾಳೆಯಗಾರರ ಸೀಮೆ. ಹೊಸೂರನ್ನು ಸೇಲಂಗೆ ಕಟ್ಟಿದ್ದು ಭಾಷೆಯೂ ಅಲ್ಲ, ನೆಲದ ಮಟ್ಟವೂ ಅಲ್ಲ, ಕಂಪನಿಯ ಕಂದಾಯ ಆಡಳಿತ ಅನ್ನೋದು ನನ್ನ ವಾದ. 1956ರ ಗಡಿಯ ಬೇರು ಇಲ್ಲಿದೆ.

ಜಿಲ್ಲಾ ಕೇಂದ್ರದ ಲೆಕ್ಕ ನೋಡಿದ್ರೆ ಸರ್ಕಾರ ಹತ್ತಿರ ಬಂದಿದೆ. ಹೊಸೂರಿನವರು ಕಲೆಕ್ಟರನ್ನು ಕಾಣೋಕೆ ಸೇಲಂವರೆಗೆ, ಸುಮಾರು 160 ಕಿ.ಮೀ. ಹೋಗಬೇಕಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯ್ತು. 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಜಿಲ್ಲೆಯಾಗಿ ದಾರಿ 50 ಕಿ.ಮೀ.ಗೆ ಇಳಿಯಿತು. 2019ರಲ್ಲಿ ಹೊಸೂರು ಪಟ್ಟಣ ಮಹಾನಗರ ಪಾಲಿಕೆಯೂ ಆಯ್ತು.

ಹಳ್ಳಿ ಮಟ್ಟದಲ್ಲಿ ಕಥೆ ಉಲ್ಟಾ. ಮದ್ರಾಸ್ ಪ್ರಾಂತ್ಯದಲ್ಲಿ ಊರಿನ ಸರ್ಕಾರ ಅಂದ್ರೆ ಮುನ್ಸೀಫ ಮತ್ತು ಕರಣಂ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ತಂದೆ ಆ ಊರಿನ ಮುನ್ಸೀಫರು. ಕೆಲಸ ವಂಶಪಾರಂಪರ್ಯ, ಹಾಗಾಗಿ ಜಾತಿಯ ಹಿಡಿತವೂ ಸೇರಿಯೇ ಬರುತ್ತಿತ್ತು. ಅವರನ್ನು ಕಂಡು ಹೆದರಿದವರ ನೆನಪೂ ನಮ್ಮ ಮನೆಗಳಲ್ಲಿದೆ. ಆ ವ್ಯವಸ್ಥೆಗೆ ನಾನು ಮರುಗುತ್ತಿಲ್ಲ. ಆದರೆ ಅವರಿಗೆ ಊರಿನ ಮಾತು ಬರುತ್ತಿತ್ತು. 1980ರಲ್ಲಿ ತಮಿಳುನಾಡು ಸರ್ಕಾರ ಆ ಹುದ್ದೆಗಳನ್ನು ರದ್ದು ಮಾಡಿ, ಪರೀಕ್ಷೆ ಬರೆದು ಬರುವ ಗ್ರಾಮ ಆಡಳಿತಾಧಿಕಾರಿಯನ್ನು, ಅಂದ್ರೆ ವಿ.ಎ.ಒ.ವನ್ನು ತಂದಿತು. ನ್ಯಾಯದ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಜೊತೆಗೆ ಪಟ್ಟಾ ಕೇಳೋಕೆ ಹೋದ ಮುದುಕಿ ಮತ್ತು ಮೇಜಿನ ಆಚೆಯ ಅಧಿಕಾರಿ ನಡುವೆ ಭಾಷೆಯ ಒಂದು ಮೆಟ್ಟಿಲು ಎದ್ದಿತು. 2006ರ ತಮಿಳು ಕಲಿಕೆ ಕಾಯ್ದೆಯಿಂದ ಹೊಸ ತಲೆಮಾರು ಆ ಮೆಟ್ಟಿಲು ಹತ್ತುತ್ತಿದೆ. ಹಳಬರು ಮೊಮ್ಮಕ್ಕಳ ಕೈಲಿ ಅರ್ಜಿ ಓದಿಸ್ತಾರೆ.

ಉಳಿದದ್ದು ಚುನಾಯಿತ ಪಂಚಾಯಿತಿ. ಜಿಲ್ಲೆಯ ಹತ್ತು ಪಂಚಾಯಿತಿ ಯೂನಿಯನ್‌ಗಳಲ್ಲಿ ಹೊಸೂರು, ತಳಿ, ಕೆಲಮಂಗಲ, ಶೂಲಗಿರಿ ಘಟ್ಟದ ಮೇಲಿನವು. ಇಲ್ಲಿ ನಾನು ಕಂಡ ಗ್ರಾಮಸಭೆಗಳಲ್ಲಿ ನಡಾವಳಿ ತಮಿಳಿನಲ್ಲಿ, ಜಗಳ ಕನ್ನಡ–ತೆಲುಗಿನಲ್ಲಿ! ನೀರಿನ ಟ್ಯಾಂಕ್, ಬೀದಿ ದೀಪ, ಸ್ಮಶಾನದ ದಾರಿ ಎಲ್ಲಾ ಊರ ಮಾತಲ್ಲೇ ತೀರ್ಮಾನ ಆಗುತ್ತೆ. ಅಧ್ಯಕ್ಷರು ಊರಿನವರೇ. ಮೂರರಲ್ಲೊಂದಿದ್ದ ಮಹಿಳಾ ಮೀಸಲಾತಿ 2016ರಲ್ಲಿ ಅರ್ಧಕ್ಕೆ ಏರಿದ ಮೇಲೆ ಎಷ್ಟೋ ಕಡೆ ಅಧ್ಯಕ್ಷೆಯರು.

ಆದರೆ ತಪ್ಪಿಹೋಗೋದೂ ಇದೇ ಹಂತ. ತಮಿಳುನಾಡಿನಲ್ಲಿ 1970ರ ಸ್ಥಳೀಯ ಚುನಾವಣೆಯ ನಂತರ ಮುಂದಿನದು 1986ರಲ್ಲಿ, ಅದರ ಮುಂದಿನದು 1994ರ ಪಂಚಾಯಿತಿ ಕಾಯ್ದೆ ಬಂದ ಮೇಲೆ 1996ರಲ್ಲಿ. 2016ರಲ್ಲಿ ಚುನಾವಣಾ ಅಧಿಸೂಚನೆಯನ್ನು ಮದ್ರಾಸ್ ಹೈಕೋರ್ಟ್ ರದ್ದು ಮಾಡಿತು. 2019ರ ಡಿಸೆಂಬರ್‌ವರೆಗೆ ಮತದಾನ ಇಲ್ಲ. ಆಗ ಆಯ್ಕೆಯಾದವರ ಅವಧಿ 2025ರ ಜನವರಿಯಲ್ಲಿ ಮುಗಿದಾಗ ಮತ್ತೆ ಚುನಾವಣೆ ನಡೆಯಲಿಲ್ಲ, ವಿಶೇಷ ಅಧಿಕಾರಿಗಳು ಬಂದರು. ಇದು ರಾಜ್ಯದ ಎಷ್ಟೋ ಜಿಲ್ಲೆಗಳ ಸಮಸ್ಯೆ, ನಿಜ. ಮಧುರೆಯ ಹಳ್ಳಿಗೆ ಅದರಿಂದ ಪ್ರತಿನಿಧಿ ಇಲ್ಲದಾಗುತ್ತಾನೆ. ತಳಿಯ ಹಳ್ಳಿಗೆ ಪ್ರತಿನಿಧಿಯ ಜೊತೆಗೆ ದುಭಾಷಿಯೂ ಇಲ್ಲದಾಗುತ್ತಾನೆ.

ಗಡಿನಾಡ ಕನ್ನಡ ಅಂದ್ರೆ ನಾವು ಶಾಲೆ, ಬೋರ್ಡು, ಸಮ್ಮೇಳನ ನೋಡ್ತೀವಿ. ಪಂಚಾಯಿತಿ ಚುನಾವಣೆಯನ್ನೂ ಭಾಷೆಯ ಪ್ರಶ್ನೆಯಾಗಿ ನೋಡಬೇಕು ಅಂತ ನನ್ನ ಕೋರಿಕೆ. ಆ ಕಡೆಯ ಗೆಳೆಯರು ಈ ಸಭೆಯಲ್ಲಿದ್ದರೆ, ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪಟ್ಟಾ, ಕಂದಾಯದ ರಸೀದಿ ಯಾವ ಭಾಷೆಯಲ್ಲಿದೆ ಅಂತ ಒಮ್ಮೆ ತೆಗೆದು ನೋಡಿ, ನಮಗೂ ತಿಳಿಸಿ. ಮುಂದಿನ ಕೆಲಸ ಅಲ್ಲಿಂದ ಶುರುವಾಗಬೇಕು.